ಮನೆ ಸರ್ವರ್‌ಗೆ ಪೋರ್ಟ್ ನಂಬರ್ ಯಾಕೆ, ಹೆಸರು ಸಾಕು

ಸಿನಿಮಾ ನೋಡಲು ಜೆಲ್ಲಿಫಿನ್. ದೀಪ, ಫ್ಯಾನ್ ನೋಡಿಕೊಳ್ಳಲು ಹೋಮ್ ಅಸಿಸ್ಟೆಂಟ್. ಎರಡೂ ಒಂದೇ ಸರ್ವರ್‌ನಲ್ಲಿವೆ. ಆದರೆ ಮೊದಲನೆಯದಕ್ಕೆ 192.168.1.10:8096 ಅಂತ ಹೊಡೆಯಬೇಕು, ಎರಡನೆಯದಕ್ಕೆ ಕೊನೆಯಲ್ಲಿ 8123. ಈ ಕೊನೆಯ ಸಂಖ್ಯೆಯೇ ಪೋರ್ಟ್, ಅಂದರೆ ಸರ್ವರ್‌ನಲ್ಲಿ ಆಯಾ ಆ್ಯಪ್‌ನ ಬಾಗಿಲು. ಮನೆಮಂದಿಗೆಲ್ಲ ಇದು ನೆನಪಿರುತ್ತದಾ?

ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಹೆಸರು ಕೊಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಹೆಸರಿಗೆ ಐಪಿ ವಿಳಾಸ ಬರೆಯುವ ಎ ರೆಕಾರ್ಡ್‌ನಲ್ಲಿ ಪೋರ್ಟ್‌ಗೆ ಜಾಗವೇ ಇಲ್ಲ. ಉಳಿದರ್ಧ ರಿವರ್ಸ್ ಪ್ರಾಕ್ಸಿಯದು. ಅದು ವೆಬ್‌ನ ಮಾಮೂಲಿ ಪೋರ್ಟ್‌ಗಳಾದ 80 ಮತ್ತು 443ರಲ್ಲಿ ಕಾದು ಕೂತು, ಬಂದ ಹೆಸರು ನೋಡಿ ಸರಿಯಾದ ಪೋರ್ಟ್‌ಗೆ ಕಳಿಸುತ್ತದೆ.

ಮೊದಲು ರೌಟರ್‌ನಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ವ್ಯವಸ್ಥೆ) ರಿಸರ್ವೇಶನ್ ಮಾಡಿ, ಸರ್ವರ್‌ನ ಐಪಿ ಬದಲಾಗದಂತೆ ನೋಡಿಕೊಳ್ಳಿ. ಹೆಸರಿನ ಕೊನೆಗೆ 'ಹೋಮ್ ಡಾಟ್ ಆರ್ಪಾ' ಬಳಸಿ. 2018ರಲ್ಲಿ ಮನೆಯ ನೆಟ್‌ವರ್ಕ್‌ಗೆಂದೇ ಮೀಸಲಿಟ್ಟ ಹೆಸರು ಇದು. 'ಡಾಟ್ ಲೋಕಲ್' ಬೇಡ. ಅದು ಎಂಡಿಎನ್‌ಎಸ್‌ನ (ಡಿಎನ್‌ಎಸ್ ಸರ್ವರ್ ಇಲ್ಲದೆ ಸಾಧನಗಳು ತಾವೇ ಹೆಸರು ಹುಡುಕುವ ವಿಧಾನ) ಪಾಲು, ಸುಮ್ನೆ ಗೊಂದಲ.

ಈಗ ಸರ್ವರ್‌ನಲ್ಲಿ ಆಡ್‌ಗಾರ್ಡ್ ಹೋಮ್ ಹಾಕಿ, ಮನೆಯ ಡಿಎನ್‌ಎಸ್ ಅದೇ ಆಗುತ್ತದೆ. ಉಬುಂಟುವಿನಲ್ಲಿ ಡಿಎನ್‌ಎಸ್‌ನ ಪೋರ್ಟ್ 53 ಖಾಲಿ ಇಲ್ಲ ಅಂತ ತಕರಾರು ಬರಬಹುದು. ಉಬುಂಟುವಿನದೇ ಡಿಎನ್‌ಎಸ್ ಸೇವೆ ಸಿಸ್ಟಮ್‌ಡಿ ರಿಸಾಲ್ವ್‌ಡ್ ಅದನ್ನು ಹಿಡಿದಿರುತ್ತದೆ, ಅದರ ಸ್ಟಬ್ ಲಿಸನರ್ ಆಫ್ ಮಾಡಿ. ಆಡ್‌ಗಾರ್ಡ್ ತನ್ನ ವೆಬ್ ಪುಟಕ್ಕೆ 80 ಕೇಳಿದರೆ ಕೊಡಬೇಡಿ, 3000 ಇರಲಿ. 80 ಪ್ರಾಕ್ಸಿಗೆ ಬೇಕು. ನಂತರ ಡಿಎನ್‌ಎಸ್ ರೀರೈಟ್‌ನಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಆಮೇಲೆ 'ಹೋಮ್ ಡಾಟ್ ಆರ್ಪಾ' ಬರೆದು ಸರ್ವರ್‌ನ ಐಪಿ ಕೊಡಿ. ಮುಂದೆ ಎಷ್ಟು ಆ್ಯಪ್ ಸೇರಿಸಿದರೂ ಇಲ್ಲಿಗೆ ಮತ್ತೆ ಬರಬೇಕಿಲ್ಲ.

ರೌಟರ್‌ನ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಆಗಿ ಇದೇ ಐಪಿ ಹಾಕಿ. ಜಾಸ್ತಿ ಜನ ಎಡವುವುದು ಇಲ್ಲೇ. ಎರಡನೇ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿಬಿಡುತ್ತಾರೆ. ಅದು ಮೊದಲನೆಯದು ಕೆಟ್ಟಾಗ ಮಾತ್ರ ಬಳಕೆಯಾಗುತ್ತದೆ ಅಂತ ಅಂದುಕೊಳ್ಳಬೇಡಿ. ಫೋನು, ಲ್ಯಾಪ್‌ಟಾಪ್‌ಗಳು ಯಾವುದನ್ನು ಬೇಕಾದರೂ ಕೇಳಬಹುದು. ಆಗ ನೀವು ಕೊಟ್ಟ ಹೆಸರು ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಆ ಜಾಗ ಖಾಲಿ ಬಿಡಿ. ಸರ್ವರ್ ಆಫ್ ಆದರೆ ಮನೆಯಲ್ಲಿ ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ಹಾಗಾಗಿ ಅದು ಸದಾ ಆನ್ ಇರಬೇಕು.

ಪ್ರಾಕ್ಸಿಗೆ ನನ್ನ ಆಯ್ಕೆ ಕ್ಯಾಡಿ. ಒಂದೊಂದು ಹೆಸರಿಗೂ ಎರಡೇ ಸಾಲು: ಯಾವ ಪೋರ್ಟ್‌ಗೆ ಕಳಿಸಬೇಕು, ಮತ್ತು 'ಟಿಎಲ್‌ಎಸ್ ಇಂಟರ್ನಲ್'. ಎರಡನೆಯದರಿಂದ ಕ್ಯಾಡಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ತಾನೇ ಕೊಡುತ್ತದೆ. ಅದರ ರೂಟ್ ಸರ್ಟಿಫಿಕೇಟನ್ನು ಪ್ರತಿ ಫೋನ್‌ನಲ್ಲೂ ಒಮ್ಮೆ ಇನ್‌ಸ್ಟಾಲ್ ಮಾಡದಿದ್ದರೆ ಬ್ರೌಸರ್ ಎಚ್ಚರಿಕೆ ತೋರಿಸುತ್ತಲೇ ಇರುತ್ತದೆ. ಹೋಮ್ ಅಸಿಸ್ಟೆಂಟ್ 400 ದೋಷ ಕೊಟ್ಟರೆ, ಅದರ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿಯ ಐಪಿಯನ್ನು ನಂಬುವ ಪಟ್ಟಿಗೆ ಸೇರಿಸಿ.

ಕೊನೆಗೆ, ಹೆಸರಿಗೆ ಯಾವ ಐಪಿ ಸಿಗುತ್ತದೆ ಅಂತ ತೋರಿಸುವ ಎನ್‌ಎಸ್‌ಲುಕಪ್ ಕಮಾಂಡ್ ಓಡಿಸಿ ನೋಡಿ. ಕಂಪ್ಯೂಟರ್‌ನಲ್ಲಿ ಸರಿಯಾದ ಐಪಿ ಬಂದು, ಫೋನ್‌ನಲ್ಲಿ ಮಾತ್ರ ಹೆಸರು ತೆರೆಯದಿದ್ದರೆ ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್ ಅಥವಾ ಬ್ರೌಸರ್‌ನ ಸೆಕ್ಯೂರ್ ಡಿಎನ್‌ಎಸ್ ಆಫ್ ಮಾಡಿ. ಅವು ಮನೆಯ ಡಿಎನ್‌ಎಸ್ ಬಿಟ್ಟು ಹೊರಗಿನದನ್ನು ಕೇಳುತ್ತಿರಬಹುದು.