ಜಗಳಕ್ಕೆ ಮೊದಲು ಕೇಸ್ ಶೀಟ್

ಹಾಸನದ ಡಿ.ಸಿ. ಕಚೇರಿ ಹತ್ತಿರ ಕೂತು ಇಪ್ಪತ್ತೆರಡು ವರ್ಷದಿಂದ ಜನರ ಅರ್ಜಿ ಟೈಪ್ ಮಾಡಿಕೊಡುತ್ತಿದ್ದೇನೆ. ಪಹಣಿ, ಪೋಡಿ, ಪಿಂಚಣಿ, ಇವೇ ಹೆಚ್ಚು. ಆಸ್ಪತ್ರೆ ಮೇಲಿನ ದೂರು ತಿಂಗಳಿಗೆ ಒಂದೋ ಎರಡೋ ಬರುತ್ತವೆ. ಬಂದವರು ಕೂರುವ ಮೊದಲೇ ಅಳುತ್ತಾರೆ, ಇಲ್ಲ ಬೈಯುತ್ತಾರೆ. ನಾನು ಮೊದಲು ಕೇಳುವುದು ಒಂದೇ: "ಕೇಸ್ ಶೀಟ್ ಇದೆಯಾ?" ಚೀಲದಿಂದ ಹೊರಗೆ ಬರುವುದು ಡಿಸ್ಚಾರ್ಜ್ ಸಮರಿ, ಜೊತೆಗೊಂದು ಎಕ್ಸ್‌ರೇ. ಸಾಲದು.

ಡಿಸ್ಚಾರ್ಜ್ ಸಮರಿ ಅಂದರೆ ಆಸ್ಪತ್ರೆಯವರು ಕೊನೆಗೆ ಬರೆದುಕೊಟ್ಟ ಎರಡು ಪುಟ. ಯಾವ ಹೊತ್ತಿಗೆ ಯಾವ ಇಂಜೆಕ್ಷನ್ ಕೊಟ್ಟರು, ರಾತ್ರಿ ಬಿ.ಪಿ. ಎಷ್ಟಿತ್ತು, ಡ್ಯೂಟಿ ಡಾಕ್ಟರು ಎಷ್ಟು ಗಂಟೆಗೆ ಬಂದರು, ಇದೆಲ್ಲ ಇರುವುದು ಕೇಸ್ ಶೀಟಿನಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡಿರಬೇಕು. ರೋಗಿಯೋ ಅವರ ಕಡೆಯವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಬಾಯಲ್ಲಿ ಕೇಳಬೇಡಿ. ನನ್ನ ಭಾವಮೈದನ ಪಿತ್ತಕೋಶದ ಆಪರೇಷನ್ ಆದಾಗ ನಾನೇ ಆ ತಪ್ಪು ಮಾಡಿದೆ. ಊರೆಲ್ಲರ ಅರ್ಜಿ ಟೈಪ್ ಮಾಡುವವನು ಸ್ವಂತ ಕೆಲಸಕ್ಕೆ ಕೌಂಟರಿನಲ್ಲಿ ನಾಲ್ಕು ದಿನ ನಿಂತೆ. "ಸರ್ ಬಂದಿಲ್ಲ", "ಸೋಮವಾರ ಬನ್ನಿ". ಐದನೇ ದಿನ ಒಂದು ಹಾಳೆ ಟೈಪ್ ಮಾಡಿಕೊಂಡು ಹೋದೆ. ಅದು ಹೀಗಿತ್ತು:

"ಐ.ಪಿ. (ಒಳರೋಗಿ) ನಂಬರ್ ಇಂಥದ್ದರ ರೋಗಿ ಇಂಥ ದಿನ ದಾಖಲಾಗಿ ಇಂಥ ದಿನ ಬಿಡುಗಡೆ ಹೊಂದಿದ್ದಾರೆ. ಅವರ ಕೇಸ್ ಶೀಟ್, ಆಪರೇಷನ್ ನೋಟ್ಸ್, ಅನಸ್ತೇಷಿಯಾ ದಾಖಲೆ, ನರ್ಸ್‌ಗಳ ಚಾರ್ಟ್, ಲ್ಯಾಬ್ ವರದಿ, ಸಹಿ ಮಾಡಿದ ಒಪ್ಪಿಗೆ ಪತ್ರ ಮತ್ತು ವಿವರವಾದ ಬಿಲ್ಲಿನ ಪ್ರತಿಗಳನ್ನು 72 ಗಂಟೆಯೊಳಗೆ ಕೊಡಬೇಕಾಗಿ ಕೋರುತ್ತೇನೆ. ಜೆರಾಕ್ಸ್ ಖರ್ಚು ಕೊಡಲು ಸಿದ್ಧ."

ಕೆಳಗೆ ರೋಗಿಯ ಸಹಿ. ನೀವು ತರುವುದಾದರೆ ನಿಮಗೆ ಅಧಿಕಾರ ಕೊಟ್ಟಿದ್ದೇನೆಂಬ ಒಂದು ಸಾಲು ಸೇರಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು, ಗಂಟೆ ಹಾಕಿಸಿಕೊಳ್ಳಿ. ಗಂಟೆ ಮರೆಯಬೇಡಿ, ಲೆಕ್ಕ ಇರುವುದೇ ಗಂಟೆಯಲ್ಲಿ. ತೆಗೆದುಕೊಳ್ಳುವುದಿಲ್ಲ ಅಂದರೆ ವಾದಕ್ಕಿಳಿಯದೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಉಂಟು.

ದಾಖಲೆ ಬಂದ ಮೇಲೆ ನಾನು ಮೊದಲು ನೋಡುವುದು ಒಪ್ಪಿಗೆ ಪತ್ರ. ನಮ್ಮ ಜನ ಖಾಲಿ ಫಾರಮ್ಮಿಗೂ ಸಹಿ ಹಾಕಿಬಿಡುತ್ತಾರೆ. ಒಳಗೆ ಸ್ಟ್ರೆಚರ್ ಕಾಯುತ್ತಿರುವಾಗ ಓದುವ ಧೈರ್ಯ ಯಾರಿಗಿರುತ್ತದೆ? ಆದರೂ ಯಾವ ಆಪರೇಷನ್ ಅಂತ ಬರೆಸದೆ ಸಹಿ ಹಾಕಬೇಡಿ. ಸಮೀರಾ ಕೊಹ್ಲಿ ಎಂಬ ರೋಗಿಯ ಪ್ರಕರಣದಲ್ಲಿ ಆಕೆ ಒಪ್ಪಿದ್ದು ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ. ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗಿದ್ದ ತಾಯಿಯನ್ನು ಒಪ್ಪಿಸಿ ಗರ್ಭಕೋಶ, ಅಂಡಾಶಯ ತೆಗೆದರು. ಪ್ರಾಣ ಉಳಿಸುವ ತುರ್ತು ಇಲ್ಲದಿದ್ದಾಗ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಯಸ್ಸಿಗೆ ಬಂದ ಮಗಳ ಪರವಾಗಿ ತಾಯಿಯ ಸಹಿಯೂ ನಡೆಯಲಿಲ್ಲ. ಮನೆಯ ಗಂಡಸರು ಸಹಿ ಹಾಕಿದರೆ ಮುಗಿಯಿತು ಅಂದುಕೊಂಡವರು ಇದನ್ನು ಎರಡು ಸಲ ಓದಲಿ.

ತುರ್ತು ಹೊತ್ತಿನಲ್ಲಿ "ಮೊದಲು ಅಡ್ವಾನ್ಸ್ ಕಟ್ಟಿ" ಅನ್ನುವ ಹಾಗಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ಇದು ಖಡಾಖಂಡಿತವಾಗಿ ಬಂತು. ಆ ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿ ರೋಗಿಗಳು ಪರದಾಡಿದ್ದು ನೆನಪಿರಬಹುದು. ಬಾಕಿ ಇದೆಯೆಂದು ಶವ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಬಾಕಿಯನ್ನು ಅವರು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಬಾಕಿಯೇ ಇಲ್ಲವಾಗುತ್ತದೆ ಅಂತ ಕೆಲವರು ತಿಳಿದಿದ್ದಾರೆ, ಹಾಗಲ್ಲ. ಈ ಕಾಯ್ದೆಯ ದೂರು ಹೋಗುವುದು ಡಿ.ಸಿ. ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ.

ಪರಿಹಾರದ ಹಣ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ. ವಕೀಲರು ಕಡ್ಡಾಯವಲ್ಲ, ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಗಡುವು 2 ವರ್ಷ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ಮೇಲೆ ಅಲ್ಲಿ ಕೇಸು ನಿಲ್ಲದು. ಡಾಕ್ಟರ ನಡತೆಯ ಬಗ್ಗೆ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ರೋಗಿ ಚೇತರಿಸಿಕೊಳ್ಳಲಿಲ್ಲ ಎಂಬುದಷ್ಟೇ ನಿರ್ಲಕ್ಷ್ಯವಾಗುವುದಿಲ್ಲ. ಇದನ್ನು ಹೇಳಿದಾಗ ನನ್ನ ಮೇಲೂ ಸಿಟ್ಟಾದವರಿದ್ದಾರೆ.

ಭಾವಮೈದನ ದಾಖಲೆ ಮೂರನೇ ದಿನ ಸಂಜೆ ಕೈಸೇರಿತು. ಚಾರ್ಟ್ ಮುಂದಿಟ್ಟುಕೊಂಡು ಬಿಲ್ ತಾಳೆ ನೋಡಿದರೆ ಅವನಿಗೆ ಕೊಡದೇ ಇದ್ದ ಒಂದು ಆಂಟಿಬಯೋಟಿಕ್ಕಿಗೆ ಎರಡು ದಿನದ ದುಡ್ಡು ಹಿಡಿದಿದ್ದರು. ಆ ಎರಡು ಸಾಲಿಗೆ ಪೆನ್ನಿನಿಂದ ಗುರುತು ಹಾಕಿ ಬಿಲ್ಲಿಂಗ್ ಕೌಂಟರಿಗೆ ಕೊಟ್ಟೆ. ಅವರು ಮಾತಾಡದೆ ದುಡ್ಡು ವಾಪಸ್ ಎಣಿಸಿದರು.