ಎಂಜಿನ್ ಇಳಿಸುವ ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿ ನೋಡಿ

ಹಳೆಯ ಮಾರುತಿ 800 ಗರಗರ ಅನ್ನತೊಡಗಿದರೆ ಸಾಮಾನ್ಯವಾಗಿ ಬರುವ ತೀರ್ಪು, "ಕ್ರ್ಯಾಂಕ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು." ನಾನು ಮನೆಯಲ್ಲೇ ಸರಿ ಮಾಡಿದ ಈ ಕಾರಿಗೂ ಅದೇ ಮಾತು ಬಂದಿತ್ತು. ಹಾಳಾಗಿದ್ದದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಮುಂದಿನ ಬೇರಿಂಗ್. ಇಂಥ ತಪ್ಪು ತೀರ್ಪಿಗೆ ಕಾರಣವಿದೆ. ಆಲ್ಟರ್ನೇಟರ್, ವಾಟರ್ ಪಂಪ್ ಎರಡೂ ಎಂಜಿನ್ ಬ್ಲಾಕಿಗೇ ಬೋಲ್ಟ್ ಆಗಿರುತ್ತವೆ. ಅವುಗಳ ಸದ್ದು ಕಬ್ಬಿಣದೊಳಗೆ ಹರಿದು ಇಡೀ ಎಂಜಿನ್ನೇ ಗೊರಗುಟ್ಟಿದ ಹಾಗೆ ಕೇಳುತ್ತದೆ. ಬಾನೆಟ್ ಎತ್ತಿ ಬರಿ ಕಿವಿಯಲ್ಲಿ ಕೇಳಿದರೆ ಅನುಭವಸ್ಥರಿಗೂ ಜಾಗ ಸಿಗುವುದಿಲ್ಲ.

ಜಾಗ ಹುಡುಕುವ ಮೊದಲು ಸದ್ದಿನ ಲಯ ಕೇಳಬೇಕು. ಐಡ್ಲಿಂಗ್ 900 ಆರ್‌ಪಿಎಂ ಇದ್ದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು ತಿರುಗುತ್ತದೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಅದರ ಅರ್ಧ, ಅಂದರೆ ಏಳೂವರೆ. ವಾಲ್ವ್ ಒತ್ತುವ ಒಂದು ಟ್ಯಾಪೆಟ್ ಸಡಿಲವಾದರೆ ಸೆಕೆಂಡಿಗೆ ಏಳೆಂಟು ಟಿಕ್, ಬಿಡಿಬಿಡಿಯಾಗಿ ಕೇಳುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಿದ್ದರೆ ದಪ್ಪನೆಯ ಧಡ್ ಧಡ್. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಅದು ಇನ್ನೂ ಜೋರು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರಂತೂ ಮುಚ್ಚಿಡಲಾಗದು. ಆಲ್ಟರ್ನೇಟರ್ ಪುಲ್ಲಿ ಕ್ರ್ಯಾಂಕ್ ಪುಲ್ಲಿಗಿಂತ ಚಿಕ್ಕದು, ಹೆಚ್ಚು ಕಡಿಮೆ ಎರಡು ಪಟ್ಟು ವೇಗ. ಅದರ ಬೇರಿಂಗಿನಲ್ಲಿ ಗುಂಡುಗಳೂ ಹಲವು. ಹಾಗಾಗಿ ಅಲ್ಲಿಯ ಸದ್ದನ್ನು ಎಣಿಸಲಾಗುವುದಿಲ್ಲ, ಒಂದಕ್ಕೊಂದು ಕೂಡಿ ಗರ್ ಎಂದು ಎಳೆದುಕೊಂಡು ಹೋಗುತ್ತದೆ. ಎಣಿಸಲಾಗದ ಸದ್ದನ್ನು ಟ್ಯಾಪೆಟ್ ಎಂದು ಹೇಳಿದರೆ ನಂಬಬೇಡಿ.

ಮುಂದಿನದು ಬೆಲ್ಟ್ ಪರೀಕ್ಷೆ. ಇಷ್ಟು ಸುಲಭದ, ಇಷ್ಟು ಖಚಿತವಾದ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ ಎನ್ನುವುದು ನನಗೆ ಬೇಸರದ ಸಂಗತಿ. ಎಂಜಿನ್ ಆಫ್ ಮಾಡಿ, ಆಲ್ಟರ್ನೇಟರ್‌ನ ಅಡ್ಜಸ್ಟ್ ಪಟ್ಟಿಯ ಬೋಲ್ಟನ್ನೂ ಕೆಳಗಿನ ಬೋಲ್ಟನ್ನೂ ಸಡಿಲಿಸಿ. ಆಲ್ಟರ್ನೇಟರನ್ನು ಎಂಜಿನ್ ಕಡೆ ತಳ್ಳಿದರೆ ಬೆಲ್ಟ್ ಕಳಚಿ ಬರುತ್ತದೆ. ಎಸಿ ಇದ್ದರೆ ಅದರ ಬೆಲ್ಟ್ ಬೇರೆ, ಅದನ್ನೂ ತೆಗೆಯಿರಿ. ಈಗ ಸ್ಟಾರ್ಟ್ ಮಾಡಿ ಕೇಳಿ. ಸದ್ದು ನಿಂತಿದ್ದರೆ ಎಂಜಿನ್ ಒಳಗೆ ಏನೂ ಆಗಿಲ್ಲ, ಬೆಲ್ಟ್ ತಿರುಗಿಸುವ ವಸ್ತುಗಳಲ್ಲೇ ದೋಷ. ಅರ್ಧ ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಓಡಿಸಬಾರದು. ಈ ಎಂಜಿನ್ನಿನಲ್ಲಿ ವಾಟರ್ ಪಂಪ್ ತಿರುಗುವುದು ಅದೇ ಬೆಲ್ಟಿನಿಂದ, ಬೆಲ್ಟ್ ಇಲ್ಲದಿದ್ದರೆ ನೀರು ಹರಿಯುವುದಿಲ್ಲ. ಬ್ಯಾಟರಿ ದೀಪ ಉರಿಯುತ್ತದೆ, ಗಾಬರಿ ಬೇಡ. ಇಲ್ಲಿ ಹೇಳುತ್ತಿರುವುದು ಹೊರಗೆ ಕಾಣುವ ಫ್ಯಾನ್ ಬೆಲ್ಟ್. ಕವರಿನ ಒಳಗಿರುವ ಹಲ್ಲಿನ ಟೈಮಿಂಗ್ ಬೆಲ್ಟನ್ನು ಮುಟ್ಟಲೇಬಾರದು.

ಈ ಕಾರಿನಲ್ಲಿ ಬೆಲ್ಟ್ ತೆಗೆದೊಡನೆ ಸದ್ದು ಪೂರ್ತಿ ನಿಂತಿತು. ಉಳಿದದ್ದು ಎರಡೇ ಅನುಮಾನ. ವಾಟರ್ ಪಂಪ್ ಪುಲ್ಲಿಯನ್ನು ಹಿಡಿದು ಅಲುಗಾಡಿಸಿ. ಆಟ ಇದ್ದರೆ, ಅಥವಾ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಇಳಿದು ಒಣಗಿದ ಕಲೆ ಇದ್ದರೆ, ಪಂಪನ್ನೇ ಬದಲಿಸಬೇಕು. ಆಮೇಲೆ ಆಲ್ಟರ್ನೇಟರ್ ಪುಲ್ಲಿ ತಿರುಗಿಸಿ ನೋಡಿ, ಮರಳು ಸಿಕ್ಕಿದಂತೆ ಒರಟಾಗಿದ್ದರೆ ಬೇರಿಂಗ್ ಮುಗಿದಿದೆ. ಇಲ್ಲೊಂದು ಸೂಕ್ಷ್ಮವಿದೆ. ಕೈಯಲ್ಲಿ ನುಣ್ಣಗೆ ತಿರುಗಿದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎಂದಲ್ಲ. ಬೆಲ್ಟ್ ಎಳೆತ ಇದ್ದಾಗ ಮಾತ್ರ ಸದ್ದು ಮಾಡುವ ಬೇರಿಂಗ್‌ಗಳಿವೆ. ಅನುಮಾನ ಉಳಿದರೆ ಬೆಲ್ಟ್ ಮತ್ತೆ ಹಾಕಿ, ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಆಲ್ಟರ್ನೇಟರ್‌ನ ಮುಂದಿನ ಹೊದಿಕೆಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ತಾಗಿಸಿ ಕೇಳಿ. ಬಳಿಕ ಪಂಪಿನ ಮೇಲೆ, ಆಮೇಲೆ ಬ್ಲಾಕಿನ ಮೇಲೆ. ಮೂಲದ ಜಾಗಕ್ಕೆ ಬಂದಾಗ ಸದ್ದು ಕಿವಿಯೊಳಗೇ ಹೊಕ್ಕಂತೆ ಕೇಳುತ್ತದೆ. ಸಡಿಲ ತೋಳು, ಶಾಲು, ಕೊರಳ ಸರ ಇರಬಾರದು. ರೇಡಿಯೇಟರ್ ಫ್ಯಾನ್ ಬೆಲ್ಟಿನದಲ್ಲ, ಕರೆಂಟಿನದು, ಹೇಳದೆ ಕೇಳದೆ ಶುರುವಾಗುತ್ತದೆ.

ಕಿರ್ ಎನ್ನುವ ಸದ್ದಾದರೆ ಮೊದಲು ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಕೆಲವು ಸೆಕೆಂಡ್ ನಿಂತು ಮರಳಿ ಬಂದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಕೂಡಲೇ ಜೋರಾದರೆ ಬೆಲ್ಟ್ ಜಾರುತ್ತಿದೆ.

ಬೇರಿಂಗ್ ಬದಲಿಸುವ ಕೆಲಸಕ್ಕೆ ಬರುತ್ತೇನೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಬೇಕು. ಆಲ್ಟರ್ನೇಟರ್ ಹಿಂದಿನ ದಪ್ಪ ವೈರು ನೇರ ಬ್ಯಾಟರಿಯಿಂದ ಬರುತ್ತದೆ, ಪಾನಾ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ವೈರು, ಕಪ್ಲರ್ (ವೈರುಗಳ ಕನೆಕ್ಟರ್) ತೆಗೆದು ಆಲ್ಟರ್ನೇಟರ್ ಹೊರಗೆ ತನ್ನಿ. ಎರಡು ಹೊದಿಕೆಗಳ ಮೇಲೆ ಅಡ್ಡವಾಗಿ ಒಂದು ಗೆರೆ ಎಳೆದಿಡಿ, ಜೋಡಿಸುವಾಗ ಅದೇ ದಾರಿ ತೋರಿಸುತ್ತದೆ. ಪುಲ್ಲಿ ನಟ್ ಬಿಚ್ಚಲು ಪುಲ್ಲಿಗೆ ಹಳೆಯ ಬೆಲ್ಟ್ ಸುತ್ತಿ ವೈಸಿನಲ್ಲಿ ಹಿಡಿಯಿರಿ. ಆಲ್ಟರ್ನೇಟರ್‌ನದೇ ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ರೆಕ್ಕೆ ಬಾಗಿ ಹೊಸ ಸದ್ದೊಂದು ಹುಟ್ಟುತ್ತದೆ. ಉದ್ದದ ಬೋಲ್ಟುಗಳನ್ನು ತೆಗೆದು ಹೊದಿಕೆಯ ಅಂಚಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬೇರ್ಪಡುತ್ತದೆ. ಮುಂದಿನ ಬೇರಿಂಗ್ ಹೊದಿಕೆಯಲ್ಲಿ, ಒಂದು ತಟ್ಟೆಯ ಹಿಂದೆ ಕೂತಿರುತ್ತದೆ. ತಟ್ಟೆಯ ಸ್ಕ್ರೂಗಳು ಬಹಳ ಬಿಗಿ. ತಲೆ ಸವೆಸುವ ಬದಲು ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ. ಹಿಂದಿನ ಬೇರಿಂಗ್ ಒಳಗೆ ತಿರುಗುವ ರೋಟರ್‌ನ ಶಾಫ್ಟ್ ಮೇಲೆ, ಅದಕ್ಕೆ ಪುಲ್ಲರ್ ಬೇಕು. ಒಂದು ಹೋಗಿದ್ದರೂ ಎರಡನ್ನೂ ಬದಲಿಸಿ, ಎರಡೂ ಓಡಿದ್ದು ಅಷ್ಟೇ ಕಿಲೋಮೀಟರ್.

ಹೊಸದನ್ನು ಕಾರಿನ ಹೆಸರು ಹೇಳಿ ಕೇಳಬೇಡಿ, ಹಳೆಯದರ ಮೇಲಿನ ನಂಬರ್ ಹೇಳಿ ಕೇಳಿ. ಒಂದೇ ಕಾರಿಗೆ ಬೇರೆ ಬೇರೆ ಕಂಪನಿಯ ಆಲ್ಟರ್ನೇಟರ್ ಬಂದಿರುತ್ತವೆ. 6203 ಎಂದರೆ ಒಳ ವ್ಯಾಸ 17, ಹೊರ ವ್ಯಾಸ 40, ಅಗಲ 12 ಮಿಲಿಮೀಟರ್. 6303ರ ಒಳ ವ್ಯಾಸವೂ 17, ಆದರೆ ಹೊರಗೆ 47, ಅಗಲ 14. ನಂಬರಿನ ಕೊನೆಗೆ 2ಆರ್‌ಎಸ್ ಇದ್ದರೆ ರಬ್ಬರ್ ಸೀಲ್, ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ. ನಮ್ಮ ಧೂಳು, ಮಳೆಗೆ ರಬ್ಬರ್ ಸೀಲಿನದೇ ಸರಿ. ಸಿ3 ಎಂದಿದ್ದರೆ ಒಳಗಿನ ಸಡಿಲ ತುಸು ಹೆಚ್ಚು, ಬಿಸಿಗೆ ಹಿಗ್ಗಲು ಜಾಗ. ಹಳೆಯದರ ಮೇಲೆ ಅದಿದ್ದರೆ ಹೊಸದರ ಮೇಲೂ ಇರಲಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಉಳಿದ ಊರುಗಳಲ್ಲಿ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯಲ್ಲೂ ಈ ನಂಬರುಗಳನ್ನು ಕೇಳಬಹುದು.

ಬೇರಿಂಗ್ ಕೂರಿಸುವಾಗ ಒಂದು ನಿಯಮ ಮೀರಬಾರದು. ಹೊದಿಕೆಯೊಳಗೆ ತಳ್ಳುವಾಗ ಹೊರ ಉಂಗುರದ ಮೇಲೆ ಮಾತ್ರ ಒತ್ತಿ, ಶಾಫ್ಟ್ ಮೇಲೆ ಇಳಿಸುವಾಗ ಒಳ ಉಂಗುರದ ಮೇಲೆ ಮಾತ್ರ. ಅಳತೆಗೆ ಸರಿಯಾದ ಸಾಕೆಟ್ ಇಟ್ಟರೆ ಸಾಕು. ತಪ್ಪಿದರೆ ಏಟು ಗುಂಡುಗಳ ಮೂಲಕ ಹಾದು ಅವು ಉರುಳುವ ದಾರಿಯಲ್ಲಿ ಸಣ್ಣ ತಗ್ಗುಗಳಾಗುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಗೊರಗುಟ್ಟುತ್ತದೆ. "ಹೊಸ ಬೇರಿಂಗ್ ಹಾಕಿದರೂ ಸದ್ದು ಹೋಗಲಿಲ್ಲ, ಹಾಗಾದರೆ ಎಂಜಿನ್ನೇ" ಎಂಬ ಎರಡನೆಯ ತಪ್ಪು ತೀರ್ಪು ಹುಟ್ಟುವುದು ಇಲ್ಲೇ. ಜೋಡಿಸುವಾಗ ಸ್ಪ್ರಿಂಗ್ ಒತ್ತಡಕ್ಕೆ ಹೊರಬಂದಿರುವ, ರೋಟರಿಗೆ ಕರೆಂಟ್ ಕೊಡುವ ಬ್ರಷ್‌ಗಳನ್ನು ಒಳಗೆ ಒತ್ತಿ, ಹಿಂದಿನ ಹೊದಿಕೆಯ ಸಣ್ಣ ತೂತಿನಿಂದ ಗಟ್ಟಿ ತಂತಿಯೊಂದನ್ನು ತೂರಿಸಿ ಹಿಡಿದಿಡಿ. ಹೊದಿಕೆ ಕೂತ ಮೇಲೆ ತಂತಿ ಎಳೆದುಬಿಡಿ.

ಬೆಲ್ಟ್ ತೆಗೆದರೂ ಸದ್ದು ಉಳಿದವರಿಗೆ ಹುಡುಕಾಟ ಬೇರೆ. ಮೊದಲು ಆಯಿಲ್ ಮಟ್ಟ. ಬೆಳಗ್ಗೆ ತಣ್ಣಗಿರುವಾಗ ಟಿಕ್ ಟಿಕ್, ಬಿಸಿಯಾದಂತೆ ಮಾಯವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ, ಸೋರುವ ಕಡೆ ಕಪ್ಪು ಮಸಿ ಇರುತ್ತದೆ. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್, ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್. ಧಡ್ ಧಡ್ ಇದ್ದರೆ, ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ನಿನಲ್ಲಿ ಒಂದೊಂದೇ ಇಂಜೆಕ್ಟರ್ ಕಪ್ಲರ್ ತೆಗೆದು ಕೇಳಿ. ಯಾವ ಸಿಲಿಂಡರಿನದು ತೆಗೆದಾಗ ಹೊಡೆತ ಕುಗ್ಗುತ್ತದೋ ಅಲ್ಲಿಯ ರಾಡ್ ಬೇರಿಂಗ್ ಮೇಲೆ ಅನುಮಾನ. ಪ್ಲಗ್ ವೈರು ಎಳೆಯುವ ಹಳೆಯ ಪದ್ಧತಿ ಬೇಡ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಟ್ಯಾಪೆಟ್ ಗ್ಯಾಪನ್ನು ಸದ್ದು ಅಡಗಲಿ ಎಂದು ಅಳತೆಗಿಂತ ಬಿಗಿ ಮಾಡಬೇಡಿ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋದರೆ ಆಗ ನಿಜವಾಗಿಯೂ ಹೆಡ್ ಇಳಿಸಬೇಕಾಗುತ್ತದೆ.

ಬೆಲ್ಟ್ ಮರಳಿ ಹಾಕಿದಾಗ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿಂದ ಜೋರಾಗಿ ಒತ್ತಿದರೆ 6ರಿಂದ 9 ಮಿಲಿಮೀಟರ್ ತಗ್ಗಬೇಕು. ಜಾರದಿರಲಿ ಎಂದು ತಂತಿಯಂತೆ ಬಿಗಿದರೆ ಹೊಸ ಬೇರಿಂಗೂ ಉಳಿಯುವುದಿಲ್ಲ, ವಾಟರ್ ಪಂಪೂ ಉಳಿಯುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 13.8ರಿಂದ 14.5 ವೋಲ್ಟ್ ತೋರಿಸಬೇಕು. 12.5ರ ಆಸುಪಾಸಿನಲ್ಲೇ ನಿಂತಿದ್ದರೆ ಬ್ರಷ್ ಸರಿಯಾಗಿ ಕೂತಿಲ್ಲ ಅಥವಾ ಕಪ್ಲರ್ ಸಡಿಲವಿದೆ. ಹೊಸ ಬೆಲ್ಟ್ ಹಾಕಿದ್ದರೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ತಗ್ಗನ್ನು ಮತ್ತೊಮ್ಮೆ ಅಳೆಯಿರಿ, ಹೊಸ ಬೆಲ್ಟ್ ಮೊದಮೊದಲು ಹಿಗ್ಗುತ್ತದೆ.