ಕಾದ ಚಾಕುವಿನ ನಡುವೆ ಕಂಡ ಕಪ್ಪು ಪಟ್ಟಿ: ಒಂದು ಫೋಟೊ ತೋರಿಸಿ ಕೇಳಿದ ನನ್ನ ಅನುಭವ

ಕೊಪ್ಪಳದ ನಮ್ಮ ಮನೆಯ ಹಿತ್ತಲಿನಲ್ಲಿ, ತಗಡಿನ ಚಪ್ಪರದಡಿ, ಒಂದು ಸಣ್ಣ ಕುಲುಮೆಯನ್ನು ಇಟ್ಟುಕೊಂಡಿದ್ದೇನೆ. ಬಳ್ಳಾರಿ ಜಾಲಿಯ ಇದ್ದಿಲು ಹಾಕಿ, ಕೈಯಿಂದ ತಿರುಗಿಸುವ ಬ್ಲೋವರ್‌ನಿಂದ ಗಾಳಿ ಊದಿ, ಸವೆದ ಅರಗಳನ್ನು ಕಾಯಿಸಿ ಚಾಕು, ಕುರ್ಪಿಗಳನ್ನು ಬಡಿದುಕೊಳ್ಳುವುದು ನನ್ನ ಹವ್ಯಾಸ. ಅಂಥದೊಂದು ಚಾಕುವನ್ನು ಹದ ಹಾಕುವ ಮೊದಲು ಬೆಂಕಿಯಿಂದ ತೆಗೆದು, ಇಕ್ಕಳದಲ್ಲಿ ಹಿಡಿದು ಗಾಳಿಗೆ ಆರಿಸುತ್ತಿದ್ದಾಗ ಮೊಬೈಲಿನಲ್ಲಿ ತೆಗೆದ ಫೋಟೊವೊಂದು ನನ್ನನ್ನು ಗೊಂದಲಕ್ಕೆ ದೂಡಿತು. ದಪ್ಪನೆಯ ಬೆನ್ನಿನ ಕಡೆ ಕಿತ್ತಳೆ ಬಣ್ಣವಿತ್ತು. ತೆಳುವಾದ ಅಲಗಿನಲ್ಲೂ ಬೆಳಕಿತ್ತು. ಇವೆರಡರ ನಡುವೆ, ಚಾಕುವಿನ ಉದ್ದಕ್ಕೂ, ಒಂದು ಕಪ್ಪು ಪಟ್ಟಿ ಎಳೆದಂತಿತ್ತು. ತೆಳುವಾದ ಭಾಗ ಮೊದಲು ಆರುತ್ತದೆ ಎಂಬುದು ಕುಲುಮೆಯ ಮುಂದೆ ಕುಳಿತ ಯಾರಿಗಾದರೂ ಗೊತ್ತು. ಹಾಗಿರುವಾಗ ಅಲಗಿಗಿಂತ ನಡುಭಾಗ ಕಪ್ಪಾಗಿ ಕಾಣುವುದಕ್ಕೆ ಕಾರಣ ಏನಿರಬಹುದು?

ಇಂಥದನ್ನು ತಿಳಿದವರಲ್ಲಿ ಕೇಳುವಾಗ ಬರೀ ಫೋಟೊ ಕಳುಹಿಸಿ "ಇದೇನು?" ಎಂದರೆ ಸಾಲದು. ಯಾವ ಲೋಹ, ಎಷ್ಟು ದಪ್ಪ, ಬೆಂಕಿಯಿಂದ ತೆಗೆದು ಎಷ್ಟು ಹೊತ್ತಾಗಿತ್ತು, ಸುತ್ತ ಬೆಳಕು ಹೇಗಿತ್ತು, ಯಾವ ಕ್ಯಾಮೆರಾ ಎಂಬುದನ್ನೆಲ್ಲ ಬರೆದು, ಫೋಟೊವನ್ನು ತಿದ್ದದೆ ಕಳುಹಿಸಿದೆ. ನನ್ನ ಊಹೆಯನ್ನು ಮಾತ್ರ ತಿಳಿಸಲಿಲ್ಲ, ಏಕೆಂದರೆ ನಮ್ಮ ಕಡೆ ಸ್ನೇಹಕ್ಕಾದರೂ ಜನ "ಹೌದು ಸರ್, ಅದೇ" ಎಂದುಬಿಡುತ್ತಾರೆ.

ಗಿಣಿಗೇರಿ ಕಡೆಯ ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರು ಅದು ಕಿಟ್ಟವೆಂದರು. ಕಾದ ಕಬ್ಬಿಣದ ಮೇಲೆ ಕಟ್ಟಿಕೊಳ್ಳುವ ಕಿಟ್ಟದ ಪೊರೆ ಮೈಯಿಂದ ಬಿಟ್ಟುಕೊಂಡರೆ, ಒಳಗಿನ ಶಾಖ ಅದಕ್ಕೆ ಸರಿಯಾಗಿ ತಲುಪದೆ ಬೇಗ ಆರಿ ಕಪ್ಪಾಗುತ್ತದೆ ಎಂಬುದು ಅವರ ವಿವರಣೆ. ರಾಯಚೂರಿನಲ್ಲಿ ಲೇತ್ ಅಂಗಡಿ ನಡೆಸುತ್ತ, ಬಿಡುವಿನಲ್ಲಿ ಗುಜರಿ ಕಬ್ಬಿಣದಿಂದ ಬೊಂಬೆಗಳನ್ನು ಮಾಡುವ ಗೆಳೆಯರು ತಪ್ಪನ್ನು ಮೊಬೈಲಿನ ಮೇಲೆ ಹೊರಿಸಿದರು. ಅವರ ಮಾತಿನಲ್ಲಿ ತೂಕವಿತ್ತು. ಕತ್ತಲಿನಲ್ಲಿ ಮೊಬೈಲು ತಾನಾಗಿಯೇ ಬೆಳಕನ್ನು ಹೆಚ್ಚಿಸಿಕೊಳ್ಳುವುದರಿಂದ ಕಣ್ಣಿಗೆ ಮಂದ ಕೆಂಪಾಗಿ ಕಂಡದ್ದು ಫೋಟೊದಲ್ಲಿ ಹಳದಿಗೆ ತಿರುಗುತ್ತದೆ. ಕಾದ ಲೋಹದಿಂದ ಹೊಮ್ಮುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಸೆನ್ಸರಿಗೆ ಸ್ವಲ್ಪ ಸೋರಿದರೂ ನೇರಳೆ ಛಾಯೆ ಮೂಡುತ್ತದೆ. ಆದ್ದರಿಂದ ಫೋಟೊದ ಬಣ್ಣ ನೋಡಿ ಉಷ್ಣಾಂಶ ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಒಂದೇ ಫೋಟೊದೊಳಗೆ, ಬೆರಳಗಲದಷ್ಟು ಜಾಗದಲ್ಲಿ, ಬೆಳಕು ಕತ್ತಲೆ ಬೆಳಕು ಎಂಬ ಕ್ರಮವನ್ನು ಕ್ಯಾಮೆರಾ ಹುಟ್ಟಿಸಲಾರದು.

ಗಂಗಾವತಿ ಸಮೀಪದ ಹಳ್ಳಿಯ ವಂಶಪಾರಂಪರ್ಯ ಕಮ್ಮಾರರಿಗೆ ಫೋಟೊವನ್ನು ಖುದ್ದಾಗಿ ಒಯ್ದು ತೋರಿಸಿದೆ. ಅವರು ಉತ್ತರ ಕೊಡುವ ಬದಲು, "ಈ ನೆಳ್ಳು ನಿಂತಿತ್ತೇನ್ರಿ, ಓಡ್ತಿತ್ತೇನ್ರಿ ಸರ?" ಎಂದು ನನ್ನನ್ನೇ ಕೇಳಿದರು. ಕುಡುಗೋಲಿಗೆ ಹದ ಹಾಕುವಾಗ ಬೆಂಕಿಯಲ್ಲೇ ಇಂಥ ನೆರಳು ಅಲಗಿನ ಮೇಲೆ ಹರಿದಾಡುತ್ತದೆಂದೂ, ಅದು ಪೂರ್ತಿ ಓಡಿಹೋದ ಮೇಲೆಯೇ ತಾವು ನೀರಿಗೆ ಅದ್ದುವುದೆಂದೂ ಹೇಳಿದರು. ನಿಂತ ಫೋಟೊದಿಂದ ಈ ಪ್ರಶ್ನೆಗೆ ಉತ್ತರ ಸಿಗುವಂತಿರಲಿಲ್ಲ. ಬಂದ ಮಾತುಗಳಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಈ ಪ್ರಶ್ನೆಯೇ.

ತೋರಣಗಲ್ಲಿನಲ್ಲಿರುವ, ನನ್ನಂತೆಯೇ ಹವ್ಯಾಸಕ್ಕೆ ಕುಲುಮೆ ಹೂಡಿರುವ ಯುವ ಎಂಜಿನಿಯರ್ ಇದರ ಹಿಂದಿನ ಲೋಹಶಾಸ್ತ್ರವನ್ನು ಬಿಡಿಸಿ ಹೇಳಿದರು. ಉಕ್ಕು ಸುಮಾರು 727 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಅದರೊಳಗಿನ ಹರಳುಗಳ ಜೋಡಣೆ ಬದಲಾಗುತ್ತದೆ ಮತ್ತು ಆ ಬದಲಾವಣೆಗೆ ಶಾಖ ಖರ್ಚಾಗುತ್ತದೆ. ಆರುವಾಗ, ಆ ಮಟ್ಟಕ್ಕಿಂತ ಕೆಳಗಿಳಿದ ಮೇಲೆ, ಹರಳುಗಳು ಹಳೆಯ ಜೋಡಣೆಗೆ ಮರಳುತ್ತವೆ; ಆಗ ಅದೇ ಶಾಖ ಹೊರಬಂದು, ಮಂಕಾಗಿದ್ದ ಉಕ್ಕು ಕ್ಷಣಕಾಲ ಮತ್ತೆ ಬೆಳಗುತ್ತದೆ. ಇದಕ್ಕೆ ರಿಕ್ಯಾಲಸೆನ್ಸ್ ಎಂಬ ಹೆಸರನ್ನು 1873ರಲ್ಲಿ ವಿಲಿಯಂ ಬ್ಯಾರೆಟ್ ಎಂಬ ವಿಜ್ಞಾನಿ ಕೊಟ್ಟನಂತೆ. ನನ್ನ ಚಾಕುವಿನಲ್ಲಿ ಅಲಗು ಮೊದಲು ಆರಿ, ಮೊದಲು ಮರಳಿ ಬೆಳಗಿರಬೇಕು. ಬೆನ್ನು ಇನ್ನೂ ಬಿಸಿಯಾಗಿಯೇ ಇದ್ದಿರಬೇಕು. ನಡುಭಾಗ ಆರಿದ್ದರೂ ಬದಲಾವಣೆ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ ಎಂಬುದು ಅವರ ವಾದ.

ವಾದ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಕಿಟ್ಟದ ವಾದಕ್ಕೂ ಇದಕ್ಕೂ ಎಲ್ಲಿ ವ್ಯತ್ಯಾಸ ಬೀಳುತ್ತದೆಂದು ನೋಡುವುದೇ ಸರಿಯೆನಿಸಿತು. ಕಿಟ್ಟವಾದರೆ ನೆರಳು ಇದ್ದಲ್ಲೇ ಇರಬೇಕು, ಉಜ್ಜಿದರೆ ಹೋಗಬೇಕು. ಹರಳಿನ ಬದಲಾವಣೆಯಾದರೆ ನೆರಳು ಅಲಗಿನಿಂದ ಬೆನ್ನಿನತ್ತ ಸರಿಯಬೇಕು ಮತ್ತು ಇಂಗಾಲ ಕಡಿಮೆಯಿರುವ ಕಬ್ಬಿಣದಲ್ಲಿ ಅದು ಮಸುಕಾಗಬೇಕು. ಹೊತ್ತು ಮುಳುಗಿದ ಮೇಲೆ ಚಪ್ಪರದ ದೀಪ ಆರಿಸಿ, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳಕು ಮತ್ತು ಬಣ್ಣದ ಹೊಂದಾಣಿಕೆಯನ್ನು ಲಾಕ್ ಮಾಡಿ, ಅದೇ ಚಾಕುವನ್ನು ಮತ್ತೆ ಕಾಯಿಸಿದೆ. ಹೊರತೆಗೆದ ಕೂಡಲೇ ತಂತಿ ಬ್ರಷ್‌ನಿಂದ ಎರಡೂ ಮೈ ಉಜ್ಜಿ ವಿಡಿಯೊ ತೆಗೆದೆ. ಅಲಗು ಮಂಕಾಯಿತು, ಮರುಕ್ಷಣವೇ ತುದಿಯ ಕಡೆಯಿಂದ ಬೆಳಗತೊಡಗಿತು, ಕಪ್ಪು ಪಟ್ಟಿ ಬೆನ್ನಿನತ್ತ ಮೆಲ್ಲಗೆ ಏರಿ ಕರಗಿತು. ಅದೇ ಆಕಾರಕ್ಕೆ ಬಡಿದ ಸಾದಾ ಕಬ್ಬಿಣದ ಪಟ್ಟಿಯಲ್ಲಿ ಇಷ್ಟು ಸ್ಪಷ್ಟವಾದ ನೆರಳು ಕಾಣಲಿಲ್ಲ.

ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಪ್ಪ ತಂತಿಯ ತುದಿಗೆ ಕಟ್ಟಿ ಮುಟ್ಟಿಸಿಯೂ ನೋಡಿದೆ. ನೆರಳು ದಾಟುವ ಮೊದಲು ಅಲಗು ಅದನ್ನು ಸೆಳೆಯಲಿಲ್ಲ, ದಾಟಿದ ಮೇಲೆ ಸೆಳೆಯಿತು. ಕಾದ ಜೋಡಣೆಯಲ್ಲಿರುವ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಇದೂ ಹೊಂದಿಕೆಯಾಯಿತು. ಇದನ್ನು ಮಾಡುವವರು ಅಯಸ್ಕಾಂತವನ್ನು ಮುಟ್ಟಿಸಿ ತಕ್ಷಣ ತೆಗೆಯಬೇಕು, ಇಲ್ಲವಾದರೆ ಶಾಖಕ್ಕೆ ಅದರ ಬಲವೇ ಕುಂದುತ್ತದೆ.

ವಿಡಿಯೊವನ್ನು ಎಲ್ಲರಿಗೂ ಕಳುಹಿಸಿದೆ. ಗಿಣಿಗೇರಿಯ ಹಿರಿಯರು ಪಟ್ಟಿಯ ವಿಷಯವನ್ನು ಒಪ್ಪಿಕೊಂಡರು; ಆದರೆ ಮೊದಲ ಫೋಟೊದಲ್ಲಿ ಹಿಡಿಯ ಬುಡದ ಹತ್ತಿರವಿದ್ದ, ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಕಪ್ಪು ಚುಕ್ಕೆ ಕಿಟ್ಟವೇ ಎಂದು ಪಟ್ಟು ಹಿಡಿದರು. ಚಾಕುವನ್ನು ಉಜ್ಜದೆ ಮತ್ತೊಮ್ಮೆ ಕಾಯಿಸಿ ನೋಡಿದಾಗ ಅಂಥದೇ ಚುಕ್ಕೆಯೊಂದು ಕಾಣಿಸಿಕೊಂಡು, ಆರುವವರೆಗೂ ಸರಿಯದೆ ನಿಂತಿತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಅದು ಹಕ್ಕಳೆಯಾಗಿ ಉದುರಿತು.